ರಾಜೀನಾಮೆಗೆ ಮೊದಲು ಡಾಕ್ಟರ ಚೀಟಿ

ಕೇಳುಗರಿಗೆ ನಮಸ್ಕಾರ. ಹೊರಗೆ ಮಳೆ ಬಿಡದೆ ಹೊಡೆಯುತ್ತಿದೆ. ನಿಮ್ಮ ಮನೆಯಲ್ಲಿ ಕರೆಂಟು ಹೋಗುವ ಮೊದಲೇ ಮುಖ್ಯ ಮಾತು ಹೇಳಿಬಿಡುತ್ತೇನೆ. ಕೆಲಸದ ಒತ್ತಡ ತಡೆಯಲಾಗದೆ ಬಿಟ್ಟುಬಿಡೋಣ ಅನ್ನಿಸಿದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ರಾಜೀನಾಮೆ ಆಮೇಲೆ. ದಯವಿಟ್ಟು ಉಲ್ಟಾ ಮಾಡಬೇಡಿ.

ನಾನು ಮಡಿಕೇರಿಯಲ್ಲಿ ಕಾರ್ಮಿಕರ ಕೇಸು ನೋಡುವ ವಕೀಲೆ. ನನ್ನ ಹತ್ತಿರ ಬರುವವರೆಲ್ಲ ಉಲ್ಟಾ ಮಾಡಿಕೊಂಡೇ ಬರುತ್ತಾರೆ. ಬಂದು ಕೂತು, "ಮೇಡಂ, ಟೆನ್ಶನ್ ತಡೆಯೋಕಾಗದೆ ಬಿಟ್ಟೆ. ಏನಾದರೂ ದುಡ್ಡು ಬರುತ್ತಾ?" ಅಂತ ಕೇಳುತ್ತಾರೆ.

ಕೆಲಸ ಇಲ್ಲದವರಿಗೆ ಇಎಸ್‌ಐನಲ್ಲಿ (ಸಂಬಳದಿಂದ ಕಂತು ಕಡಿಯುವ ಸರ್ಕಾರದ ಕಾರ್ಮಿಕ ವಿಮೆ) ಒಂದು ಯೋಜನೆ ಇರುವುದು ನಿಜ. 2018ರಲ್ಲಿ ಶುರುವಾಯಿತು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಉದ್ದದ ಹೆಸರು. ಅರ್ಧ ಸಂಬಳದ ಲೆಕ್ಕದಲ್ಲಿ 90 ದಿನದವರೆಗೆ ಕೊಡುತ್ತಾರೆ. ಆದರೆ ಅದು ಕೆಲಸ ಕಳೆದುಕೊಂಡವರಿಗೆ, ತಾವಾಗಿ ಬಿಟ್ಟವರಿಗಲ್ಲ. ನೀವು ಬಿಟ್ಟಿರಿ ಅನ್ನುವುದಕ್ಕೆ ಸಾಕ್ಷಿ ಯಾರು? ನೀವೇ ಸಹಿ ಹಾಕಿದ ಆ ರಾಜೀನಾಮೆ ಪತ್ರ!

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಒಂದು ರೆಸಾರ್ಟಿನ ರಿಸೆಪ್ಶನ್ನಿನಲ್ಲಿದ್ದ. ಇಂಥದ್ದೇ ಮಳೆಗಾಲ. ಕೊಡೆ ಮಡಚಿ ಬಾಗಿಲ ಮೂಲೆಗಿಟ್ಟು, ಒದ್ದೆ ಪ್ಯಾಂಟಿನಲ್ಲೇ ಕುರ್ಚಿಯ ತುದಿಗೆ ಕೂತ. ಕೆಲಸ ಬಿಟ್ಟು ಹನ್ನೆರಡು ದಿನ ಆಗಿತ್ತು. ಜೇಬಿನಲ್ಲಿ ಫೋನು ಟುಣ್ ಅಂದಾಗಲೆಲ್ಲ ಅವನ ಭುಜ ಕುಣಿಯುತ್ತಿತ್ತು. ಯಾರಪ್ಪಾ ಅದು ಅಂದರೆ, ರೆಸಾರ್ಟಿನ ವಾಟ್ಸಾಪ್ ಗ್ರೂಪು. ಕೆಲಸ ಬಿಟ್ಟಿದ್ದಾನೆ, ಗ್ರೂಪು ಬಿಟ್ಟಿಲ್ಲ! ನಾನೇ ಫೋನು ಇಸಕೊಂಡು ಟೇಬಲ್ಲಿನ ಡ್ರಾಯರಿನೊಳಗೆ ಹಾಕಿದೆ.

ಶನಿವಾರ, ಭಾನುವಾರ ಅವನಿಗೆ ನಿದ್ದೆಯೇ ಇರಲಿಲ್ಲವಂತೆ. ರಾತ್ರಿ ಎರಡಕ್ಕೆ ಬಿಸಿನೀರಿಲ್ಲ ಅಂತ ಒಬ್ಬರು, ಜನರೇಟರ್ ಸದ್ದು ಅಂತ ಇನ್ನೊಬ್ಬರು. ರಾಜಾಸೀಟಿಗೆ ಹೋದೆವು, ಮಂಜೇ ಇರಲಿಲ್ಲ ಅಂತ ಮತ್ತೊಬ್ಬರು ಇವನ ಮೇಲೆ ರೇಗಿದ್ದರು. ಮಂಜಿಗೂ ಇವನೇ ಜವಾಬ್ದಾರಿ ನೋಡಿ! ರಿವ್ಯೂನಲ್ಲಿ ಒಂದು ಸ್ಟಾರ್ ಕಮ್ಮಿಯಾದರೆ ಮರುದಿನ ಮ್ಯಾನೇಜರ್ ಎಲ್ಲರೆದುರೇ ಬೈಯುತ್ತಿದ್ದ. ಊಟ ಸೇರುತ್ತಿರಲಿಲ್ಲ, ಕೈ ನಡುಗುತ್ತಿತ್ತು. ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಸಿಕ್ಕ ಯಾವುದೋ ಮಾದರಿ ನೋಡಿ ಎರಡು ಸಾಲು ಬರೆದು ಕೊಟ್ಟು ಬಂದ. "ಸ್ವಂತ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ."

ಎಲ್ಲಿಯ ಸ್ವಂತ ಕಾರಣ? ಕಾರಣ ಅವರದ್ದು, ಸಹಿ ಇವನದ್ದು.

ಅವನ ಸರ್ವೀಸು ನಾಲ್ಕೂವರೆ ವರ್ಷ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸರ್ವೀಸಿನ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡಿಗಂಟಿಗೆ, ಅವನಂಥ ಕಾಯಂ ಕೆಲಸಗಾರರಿಗೆ ಐದು ವರ್ಷ ಆಗಬೇಕು. ಐದಾದ ಮೇಲೆ ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ. ಅವನ ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 15,600. ತಿಂಗಳಿಗೆ 26 ಕೆಲಸದ ದಿನ ಅಂತ ಲೆಕ್ಕ, ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. ವರ್ಷಕ್ಕೆ 15 ದಿನದ ಲೆಕ್ಕ, ಅಂದರೆ 9,000. ಐದು ವರ್ಷಕ್ಕೆ 45,000 ರೂಪಾಯಿ. ಎರಡು ಸಾಲಿನ ಪತ್ರಕ್ಕೆ ಅವನು ತೆತ್ತ ಬೆಲೆ ಅದು.

ಅವನು ಮೊದಲು ಡಾಕ್ಟರ ಹತ್ತಿರ ಹೋಗಿದ್ದರೆ? ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇತ್ತು. ಕಾಯಿಲೆ ಅಂತ ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಬರುತ್ತದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ನಾಚಿಕೆ ಯಾಕೆ? ಇನ್ನೊಂದು ವಿಷಯ ಕೇಳಿ. ಕಾಯಿಲೆ ರಜೆಯಿಂದ ಸರ್ವೀಸು ತುಂಡಾಗುವುದಿಲ್ಲ. ಮೂರು ತಿಂಗಳು ಮನೆಯಲ್ಲಿ ಮಲಗಿ, ವಾಪಸು ಹೋಗಿ ಇನ್ನು ಮೂರು ತಿಂಗಳು ತಳ್ಳಿದ್ದರೆ ಐದು ವರ್ಷ ಮುಗಿಯುತ್ತಿತ್ತು. ಆಮೇಲೆ ಬೇಕಾದರೆ ಆ ಎರಡು ಸಾಲು ಬರೆದು ಬಿಸಾಡಬಹುದಿತ್ತು.

"ಮೊದಲೇ ಯಾರೂ ಹೇಳಲಿಲ್ಲ ಮೇಡಂ" ಅಂದ. ಅದಕ್ಕೇ ಇವತ್ತು ರೇಡಿಯೋದಲ್ಲಿ ಹೇಳುತ್ತಿದ್ದೇನೆ. ಮೊದಲು ಡಾಕ್ಟರು!

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಹುಡುಗನ ಕಥೆ ಜಾಸ್ತಿ ಆಯಿತು ಅಲ್ವಾ?

ಸರಿ, ಬೇಗ ಹೇಳುತ್ತೇನೆ. ಪಿಎಫ್ ಹಣ ನಿಮ್ಮದು. ಒತ್ತಡದಿಂದ ಬಿಡಿ, ಜಗಳವಾಡಿ ಬಿಡಿ, ಅದು ಎಲ್ಲೂ ಹೋಗುವುದಿಲ್ಲ. ಕೆಲಸ ಬಿಟ್ಟ ತಾರೀಕನ್ನು ಮಾಲೀಕರಿಂದ ಆನ್‌ಲೈನಿನಲ್ಲಿ ಹಾಕಿಸಿಕೊಳ್ಳಿ. ಅವರು ಹಾಕದಿದ್ದರೆ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಸರ್ವೀಸು ಹತ್ತು ವರ್ಷದ ಹತ್ತಿರ ಬಂದಿದ್ದರೆ ಪಿಎಫ್ ಒಳಗಿನ ಪಿಂಚಣಿ ಭಾಗದ ದುಡ್ಡು ತೆಗೆಯಬೇಡಿ. ಹತ್ತು ತುಂಬಿದರೆ 58ನೇ ವಯಸ್ಸಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಬಾಕಿ ರಜೆಯ ದುಡ್ಡನ್ನೂ ಕೇಳಿ, ಸುಮ್ನೆ ಬಿಟ್ಟು ಬರಬೇಡಿ. ಕಾಫಿ ತೋಟದ ರೈಟರುಗಳೇ, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರೇ, ಗ್ರಾಚ್ಯುಟಿ ನಿಮಗೂ ಉಂಟು. ತೋಟ ಬಿಟ್ಟ ಮೂವತ್ತು ದಿನದೊಳಗೆ ಅರ್ಜಿ ಕೊಡಿ. ಇನ್ನು, "ಇಲ್ಲೊಂದು ಸಹಿ ಹಾಕಿ ಹೋಗು" ಅಂತ ಯಾರಾದರೂ ಖಾಲಿ ಕಾಗದ ಮುಂದೆ ಇಟ್ಟರೆ ಪೆನ್ನು ಮುಟ್ಟಲೇಬೇಡಿ. ಅದರ ಬಗ್ಗೆ ಹೇಳುವುದು ಬಹಳ ಇತ್ತು...

ಒಂದು ಬೆರಳಾಯಿತು.

ಮಡಿಕೇರಿಗೆ ಬರಲಾಗದಷ್ಟು ಮಳೆ ಇದ್ದರೆ, ರಾತ್ರಿ ನಿದ್ದೆ ಬಾರದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನು ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಟಿಫಿಕೇಟಿಗೆ ಮಾತ್ರ ಡಾಕ್ಟರ ಮುಂದೆ ಕೂರಲೇಬೇಕು. ನಂಬರ್ ಬರೆದುಕೊಳ್ಳಿ, 14416. ಪೆನ್ನು ಸಿಕ್ಕಿತಾ? ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.