ಹದಿನಾಲ್ಕು ಆಯುಧಗಳು, ಹದಿನಾಲ್ಕು ಬಗೆಯ ಕಾಯುವಿಕೆ

ಸಭೆಯಲ್ಲಿ ನೆರೆದಿರುವ ಬೇಟೆಗಾರ ಮಿತ್ರರಿಗೆ ನಮಸ್ಕಾರ.

ನನಗಿಂತ ಮೊದಲು ಮಾತನಾಡಿದ ಗೆಳೆಯರು ಪರದೆಯ ಮೇಲೆ ಒಂದು ಶ್ರೇಣಿಪಟ್ಟಿಯನ್ನು ತೋರಿಸಿ, ಮೃಗಗಳನ್ನು ಬೇಟೆಯಾಡುವ ವಿಡಿಯೋ ಗೇಮ್ ಸರಣಿ ಮಾನ್‌ಸ್ಟರ್ ಹಂಟರ್‌ನಲ್ಲಿ ಯಾವ ಆಯುಧ ಎಷ್ಟು ಬೇಗ ಬೇಟೆ ಮುಗಿಸುತ್ತದೆ ಎಂಬುದನ್ನು ಬಹಳ ಅಚ್ಚುಕಟ್ಟಾಗಿ ವಿವರಿಸಿದರು. ನನ್ನ ಮೆಚ್ಚಿನ ಲ್ಯಾನ್ಸ್, ಎಂದರೆ ಗುರಾಣಿಯ ಜೊತೆಗಿನ ಉದ್ದ ಈಟಿ, ಆ ಪಟ್ಟಿಯಲ್ಲಿ ಎಲ್ಲಿತ್ತೆಂಬುದನ್ನು ನೀವೂ ಕಂಡಿರಿ. ಕೆಳಗಿನಿಂದ ಎಣಿಸಿದ್ದರೆ ಬೇಗ ಸಿಗುತ್ತಿತ್ತು. ಅವರ ಲೆಕ್ಕ ತಪ್ಪೆಂದು ವಾದಿಸಲು ನಾನು ನಿಂತಿಲ್ಲ. ಆದರೆ ಅಂಥ ಲೆಕ್ಕಗಳು ಹುಟ್ಟುವುದು ಒಂದು ಪೆಟ್ಟನ್ನೂ ತಿನ್ನದೆ ಬೇಟೆ ಮುಗಿಸಬಲ್ಲವರ ಕೈಯಲ್ಲಿ. ಈ ಸಭೆಯಲ್ಲಿರುವ ಬಹುಪಾಲು ಜನ, ನಾನೂ ಸೇರಿದಂತೆ, ಮೃಗದ ಪೆಟ್ಟಿಗೆ ಮೂರ್ಛೆ ಹೋಗಿ, ಗಾಡಿಯಲ್ಲಿ ಅಂಗಾತ ಮಲಗಿ ಶಿಬಿರಕ್ಕೆ ಮರಳಿ ಅಭ್ಯಾಸವಿರುವವರು. ನಮ್ಮ ಪಟ್ಟಿ ಬೇರೆಯೇ ಇರಬೇಕಾಗುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಹೊಡೆಯುವ ಗುಂಡಿಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಒಂದು ಆಯುಧಕ್ಕೂ ಇನ್ನೊಂದಕ್ಕೂ ಇರುವ ನಿಜವಾದ ಅಂತರ ತಿಳಿಯುವುದು ಹೊಡೆಯದೆ ಇರುವ ಹೊತ್ತಿನಲ್ಲಿ ಅದು ನಮ್ಮಿಂದ ಏನನ್ನು ಬೇಡುತ್ತದೆ ಎಂಬುದರಲ್ಲಿ. 50 ನಿಮಿಷಗಳ ಗಡುವಿನ ಬೇಟೆಯಲ್ಲಿ ಮೃಗವೇ ಹೆಚ್ಚು ಹೊತ್ತು ಆಡುತ್ತದೆ, ನಾವು ಅದರ ಸಂದುಗಳಿಗಾಗಿ ಕಾಯುತ್ತೇವೆ. ಹೇಗೆ ಕಾಯಬಲ್ಲಿರಿ ಎಂದು ನಿಮ್ಮನ್ನು ನೀವೇ ಕೇಳಿಕೊಂಡರೆ ಆಯುಧ ತಾನಾಗಿ ಕೈಗೆ ಬರುತ್ತದೆ.

2004ರಲ್ಲಿ ಪ್ಲೇಸ್ಟೇಷನ್ 2ರ ಮೇಲೆ ಈ ಸರಣಿ ಶುರುವಾದಾಗ ಆಯುಧಗಳ ಜಾತಿಗಳು ಬೆರಳೆಣಿಕೆಯಷ್ಟಿದ್ದವು. 2006ರ ಎರಡನೆಯ ಆಟ ಲಾಂಗ್ ಸೋರ್ಡ್, ಗನ್‌ಲ್ಯಾನ್ಸ್, ಬಿಲ್ಲು ಮತ್ತು ಹಂಟಿಂಗ್ ಹಾರ್ನ್‌ಗಳನ್ನು ತಂದಿತು. 2009ರಲ್ಲಿ ಸ್ವಿಚ್ ಆ್ಯಕ್ಸ್ ಬಂತು. 2013ರ ನಾಲ್ಕನೆಯ ಆಟ ಇನ್‌ಸೆಕ್ಟ್ ಗ್ಲೇವ್ ಮತ್ತು ಚಾರ್ಜ್ ಬ್ಲೇಡ್‌ಗಳನ್ನು ಸೇರಿಸಿ ಸಂಖ್ಯೆಯನ್ನು 14ಕ್ಕೆ ನಿಲ್ಲಿಸಿತು. 2018ರ ವರ್ಲ್ಡ್, 2021ರ ರೈಸ್, 2025ರ ವೈಲ್ಡ್ಸ್, ಈ ಮೂರರಲ್ಲೂ ಹೊಸ ಜಾತಿ ಬಂದಿಲ್ಲ. ಕಾಯುವ ಬಗೆಗಳೇ ಮುಗಿದುಹೋದವೇನೋ ಎಂದು ನಾನು ತಮಾಷೆ ಮಾಡುವುದುಂಟು.

ಹೊಸಬರನ್ನು ದಾರಿ ತಪ್ಪಿಸುವ ಸಂಗತಿಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ವರ್ಲ್ಡ್‌ನಲ್ಲಿ ಆಟ ಶುರುವಾದಾಗ ಕೈಗೆ ಬರುವ ಗ್ರೇಟ್ ಸೋರ್ಡ್‌ನ ಮೇಲೆ ದಾಳಿಯ ಬಲ 384 ಎಂದೂ, ಸೋರ್ಡ್ ಆ್ಯಂಡ್ ಶೀಲ್ಡ್‌ನ ಮೇಲೆ 112 ಎಂದೂ ಬರೆದಿರುತ್ತದೆ. ಇದನ್ನು ಕಂಡ ಯಾರೇ ಆದರೂ ದೊಡ್ಡ ಕತ್ತಿಯನ್ನೇ ಎತ್ತಿಕೊಳ್ಳುತ್ತಾರೆ, ನಾನೂ ಎತ್ತಿಕೊಂಡಿದ್ದೆ. ಆದರೆ ಮೊದಲನೆಯದನ್ನು 4.8ರಿಂದಲೂ ಎರಡನೆಯದನ್ನು 1.4ರಿಂದಲೂ ಭಾಗಿಸಿ ನೋಡಿ: ಎರಡೂ ಕಡೆ ಉಳಿಯುವುದು 80. ಆಯುಧದ ಗಾತ್ರಕ್ಕೆ ತಕ್ಕ ಗತ್ತು ಕಾಣಲೆಂದು ಪ್ರತಿ ಜಾತಿಗೂ ಒಂದು ಗುಣಕವನ್ನು ಹಚ್ಚಿದ್ದಾರೆ, ಅಷ್ಟೇ. ರೈಸ್‌ನಲ್ಲಿ ಆ ಬಣ್ಣವನ್ನು ತೊಳೆದು ನಿಜವಾದ ಸಂಖ್ಯೆಯನ್ನೇ ತೋರಿಸಿದರು. ಹಾಗಾದರೆ ಗ್ರೇಟ್ ಸೋರ್ಡ್‌ನ ಒಂದು ಏಟು ಅಷ್ಟು ಭಾರವಾಗಿರುವುದೇಕೆ? ಅದರ ಒಂದೊಂದು ಬೀಸಿಗೂ ನಿಗದಿಯಾದ ಮೌಲ್ಯ ದೊಡ್ಡದು. ಆ ಮೌಲ್ಯವನ್ನು ನಾವು ಸಮಯದಲ್ಲಿ ತೆರುತ್ತೇವೆ, ಎಂದರೆ ಕಾಯುವುದರಲ್ಲಿ. ನೋಡಿ, ಎಲ್ಲಿಂದ ಹೊರಟರೂ ನಾನು ಅಲ್ಲಿಗೇ ಬಂದು ನಿಲ್ಲುತ್ತೇನೆ.

ಈಗ ಡಯಾಬ್ಲೋಸ್‌ನ ಕಥೆ. ಇದನ್ನು ಈಗಾಗಲೇ ಕೇಳಿರುವವರು ಕ್ಷಮಿಸಬೇಕು, ಏಕೆಂದರೆ ನಾನಿದನ್ನು ಮೊಟಕು ಮಾಡುವವನಲ್ಲ. ವರ್ಲ್ಡ್ ಆಡುತ್ತಿದ್ದ ದಿನಗಳಲ್ಲಿ, ಇಂಥದೇ ಒಂದು ಪಟ್ಟಿಯನ್ನು ನಂಬಿ ಡ್ಯುಯಲ್ ಬ್ಲೇಡ್ಸ್ ಎಂಬ ಜೋಡಿ ಕತ್ತಿಗಳನ್ನು ಹಿಡಿದು ಆ ಎರಡು ಕೊಂಬಿನ ಮೃಗದ ಮೇಲೆ ಹೋದೆ. ಡ್ಯುಯಲ್ ಬ್ಲೇಡ್ಸ್‌ನ ಸೊಗಸೆಲ್ಲ ಡೀಮನ್ ಮೋಡ್ ಎಂಬ ಬಿರುಸಿನ ಸ್ಥಿತಿಯಲ್ಲಿದೆ, ಆದರೆ ಆ ಸ್ಥಿತಿಯಲ್ಲಿರುವಷ್ಟು ಹೊತ್ತೂ ಸ್ಟ್ಯಾಮಿನಾ ಸೋರುತ್ತಲೇ ಇರುತ್ತದೆ. ನಾನು ಆಸೆಬುರುಕ, ಇನ್ನೊಂದು ಏಟು, ಇನ್ನೊಂದೇ ಏಟು ಎನ್ನುತ್ತ ಸ್ಟ್ಯಾಮಿನಾದ ಹಳದಿ ಪಟ್ಟಿಯನ್ನು ತಳ ಮುಟ್ಟಿಸಿದ ಗಳಿಗೆಯಲ್ಲೇ ಡಯಾಬ್ಲೋಸ್ ಕೆರಳಿ ಗರ್ಜಿಸಿತು. ನನ್ನ ಬೇಟೆಗಾರ ಎರಡೂ ಕಿವಿ ಮುಚ್ಚಿಕೊಂಡು ಕುಸಿದು ಕುಳಿತ. ಕಿವಿಯಿಂದ ಕೈ ತೆಗೆಯುವಷ್ಟರಲ್ಲಿ ಕೊಂಬುಗಳು ಎದುರಿಗೇ ಇದ್ದವು, ಉರುಳಿ ತಪ್ಪಿಸಿಕೊಳ್ಳಲು ಸ್ಟ್ಯಾಮಿನಾ ಉಳಿದಿರಲಿಲ್ಲ. ಗಾಡಿ. ಎರಡನೆಯ ಸಲವೂ ಅದೇ ಗರ್ಜನೆ, ಅದೇ ಕೊಂಬು. ಮೂರನೆಯ ಸಲ ಅದು ಮರಳೊಳಗೆ ಹುದುಗಿಕೊಂಡು ನನ್ನ ಕಾಲ ಕೆಳಗಿನಿಂದಲೇ ಎದ್ದಿತು, ವೈವಿಧ್ಯಕ್ಕೆಂದು ಇರಬೇಕು. ಮೂರು ಸಲ ಮೂರ್ಛೆ ಹೋದರೆ ಬೇಟೆ ಸೋತಂತೆ ಎಂಬುದು ಈ ಸಭೆಗೆ ಹೇಳಬೇಕಾದ ವಿಷಯವಲ್ಲ.

ಮರುದಿನ ಗ್ರೇಟ್ ಸೋರ್ಡ್ ಹೊತ್ತುಕೊಂಡು ಹೋದೆ. ಗುಂಡಿಯನ್ನು ಒತ್ತಿ ಹಿಡಿದರೆ ಬೇಟೆಗಾರ ಕತ್ತಿಯನ್ನು ಹಿಂದಕ್ಕೆಳೆದು ನಿಲ್ಲುತ್ತಾನೆ, ಒಂದಾದ ಮೇಲೊಂದರಂತೆ ಮೂರು ಹೊಳಪುಗಳು ಮೂಡುತ್ತವೆ. ಮೂರನೆಯದಕ್ಕೆ ಸರಿಯಾಗಿ ಬಿಡಬೇಕು, ಅದನ್ನೂ ಮೀರಿ ಹಿಡಿದರೆ ಬಲ ಕುಗ್ಗುತ್ತದೆ. ಆ ಭಂಗಿಯಲ್ಲಿದ್ದಾಗಲೇ ಡಯಾಬ್ಲೋಸ್ ಮತ್ತೆ ತಲೆಯೆತ್ತಿತು. ಹಿಂದಿನ ದಿನದ ಭಯಕ್ಕೆ ಕೈ ನಡುಗಿ ತಪ್ಪು ಗುಂಡಿ ಒತ್ತಿದೆ. ಬೇಟೆಗಾರ ಭುಜ ಮುಂದೆ ಮಾಡಿ ಗುದ್ದಿದ. ಗರ್ಜನೆ ಅವನ ಮೇಲೆ ಹಾದುಹೋಯಿತು, ಅವನು ಕಿವಿ ಮುಚ್ಚಲಿಲ್ಲ. ಟ್ಯಾಕಲ್ ಎಂಬ ಆ ಗುದ್ದು ಗರ್ಜನೆಯನ್ನು ನುಂಗಿಕೊಳ್ಳುತ್ತದೆ ಮತ್ತು ಅದರ ಬೆನ್ನಿಗೇ ಮುಂದಿನ, ಇನ್ನೂ ಬಲವಾದ ಹೊಡೆತಕ್ಕೆ ದಾರಿ ಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ, ಬೆರಳು ಜಾರಿ. ಗರ್ಜಿಸುವ ಮೃಗ ನಿಂತಲ್ಲೇ ನಿಂತಿರುತ್ತದೆ; ನಿನ್ನೆ ನನ್ನನ್ನು ಕೆಡವಿದ ಅದೇ ಕ್ಷಣ ಇವತ್ತು ನಾನು ಕಾಯುತ್ತಿದ್ದ ಸಂದಾಯಿತು. ಬೇಟೆ ಮುಗಿಯಲು 40 ನಿಮಿಷಗಳ ಮೇಲಾಯಿತು, ಪಟ್ಟಿ ಬರೆಯುವವರು ನಕ್ಕಾರು. ಆದರೆ ಗಾಡಿ ಹತ್ತಲಿಲ್ಲ.

ಡ್ಯುಯಲ್ ಬ್ಲೇಡ್ಸ್ ಕೆಟ್ಟ ಆಯುಧವೆಂದು ಇದರಿಂದ ಯಾರೂ ತಿಳಿಯಬಾರದು. ಅದು ಸ್ಟ್ಯಾಮಿನಾ ಪಟ್ಟಿಯ ಮೇಲೆ ಒಂದು ಕಣ್ಣಿಟ್ಟು, ತಳ ಮುಟ್ಟುವ ಮೊದಲೇ ಕೈ ತಡೆಯಬಲ್ಲವರ ಆಯುಧ. ನನ್ನ ಆಸೆಬುರುಕತನವನ್ನು ಅದು ಕ್ಷಮಿಸಲಿಲ್ಲ, ಗ್ರೇಟ್ ಸೋರ್ಡ್ ಕ್ಷಮಿಸಿತು. ನಿಮ್ಮ ಯಾವ ದೋಷವನ್ನು ಯಾವ ಆಯುಧ ಸಹಿಸಿಕೊಳ್ಳುತ್ತದೆ ಎಂಬ ಕಾಲಂ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಲ್ಯಾನ್ಸ್‌ನ ಕಾಯುವಿಕೆ ಮೃಗದ ಕಾಲಬುಡದಲ್ಲಿ ನಡೆಯುತ್ತದೆ. ಗುರಾಣಿ ಎತ್ತಿ ನಿಂತು, ಪೆಟ್ಟು ಬೀಳುವ ತನಕ ಅಲುಗಾಡದೆ ಇದ್ದು, ಬಿದ್ದ ಕೂಡಲೇ ಕೌಂಟರ್ ಥ್ರಸ್ಟ್‌ನಿಂದ ತಿರುಗಿ ಚುಚ್ಚುವುದರಲ್ಲಿ ಒಂದು ಹಟಮಾರಿ ಸುಖವಿದೆ. ಓಡಾಡುವ ಸ್ವಭಾವದವರಿಗೆ ಅದು ಶಿಕ್ಷೆಯಂತೆ ಕಾಣಬಹುದು. ಅಂಥವರು ಹ್ಯಾಮರ್ ಹಿಡಿಯಲಿ, ಏಕೆಂದರೆ ಅದು ಬಲ ತುಂಬಿಕೊಳ್ಳುತ್ತಿರುವಾಗಲೂ ನಡೆಯಲು ಬಿಡುತ್ತದೆ, ನಡೆಯುತ್ತಲೇ ತಲೆಯ ಪಕ್ಕಕ್ಕೆ ಬಂದು ನಿಲ್ಲಬಹುದು. ತಲೆಗೆ ಸಾಲುಸಾಲಾಗಿ ಬಿದ್ದರೆ ಮೃಗ ತಲೆಸುತ್ತಿ ಉರುಳುತ್ತದೆ, ಆದರೆ ಪ್ರತಿ ಸಲ ಉರುಳಿಸಿದ ಮೇಲೂ ಮುಂದಿನದಕ್ಕೆ ಹೆಚ್ಚು ಏಟುಗಳು ಬೇಕಾಗುತ್ತವೆ. ಬಾಲ ಕತ್ತರಿಸುವ ಆಸೆಯನ್ನು ಮಾತ್ರ ಹ್ಯಾಮರ್‌ನವರು ಬಿಡಬೇಕು. ನಮ್ಮ ಗುಂಪಿನ ಗೆಳೆಯನೊಬ್ಬ ವರ್ಷಗಟ್ಟಲೆ ಹ್ಯಾಮರ್ ಬೀಸಿ, ಬಾಲ ಬೇಕಾದಾಗಲೆಲ್ಲ ನನ್ನನ್ನು ಬಹಳ ಪ್ರೀತಿಯಿಂದ ಮಾತನಾಡಿಸುತ್ತಾನೆ.

ಸಂಘಟಕರಿಂದ ಚೀಟಿ ಬಂದಿದೆ. ಹಾಗಾಗಿ ಧಾತು ಮತ್ತು ಮೊನಚಿನ ವಿಷಯವನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತೇನೆ. ಬೆಂಕಿ, ನೀರು, ಸಿಡಿಲುಗಳ ಬಲ ಪ್ರತಿ ಏಟಿಗೂ ಸೇರಿಕೊಳ್ಳುವುದರಿಂದ, ಬೇಗ ಬೇಗ ಹೊಡೆಯುವ ಡ್ಯುಯಲ್ ಬ್ಲೇಡ್ಸ್ ಮತ್ತು ಬಿಲ್ಲಿನವರು ಮೃಗಕ್ಕೊಂದು ಆಯುಧ ಮಾಡಿಟ್ಟುಕೊಳ್ಳುವುದು ಲಾಭ, ಅಪರೂಪಕ್ಕೆ ಹೊಡೆಯುವ ಗ್ರೇಟ್ ಸೋರ್ಡ್‌ನವರಿಗೆ ಅಷ್ಟು ಅಗತ್ಯವಿಲ್ಲ. ಇನ್ನು ಮೊನಚು, ಅದನ್ನು ಆಟ ಬಣ್ಣಗಳಲ್ಲಿ ತೋರಿಸುತ್ತದೆ: ವರ್ಲ್ಡ್‌ನ ಲೆಕ್ಕದಲ್ಲಿ ಹಳದಿಗೆ 1.0, ಹಸಿರಿಗೆ 1.05, ನೀಲಿಗೆ 1.2, ಬಿಳಿಗೆ 1.32 ಗುಣಕ; ಸಾಣೆ ಹಿಡಿಯಲು ಸೋಮಾರಿತನ ಮಾಡುವವರು ಯಾವ ಆಯುಧ ಆರಿಸಿದರೂ ಅಷ್ಟೇ.

ದೂರದಿಂದ ಗುಂಡು ಹಾರಿಸುವ ಬೋಗನ್‌ಗಳ ಬಗ್ಗೆ ಮಾತನಾಡುವ ಅರ್ಹತೆ ನನಗಿಲ್ಲ, ಗುಂಡುಗಳ ಪಟ್ಟಿ ನೋಡಿದರೆ ನಿದ್ದೆ ಬರುತ್ತದೆ. ಹಂಟಿಂಗ್ ಹಾರ್ನ್ ಹಿಡಿದವರನ್ನು ಗುಂಪಿನಲ್ಲಿ ಕಡೆಗಣಿಸಬೇಡಿ. ಅವರು ಬೀಸುವ ಒಂದೊಂದು ಏಟೂ ಒಂದು ಸ್ವರ, ಸ್ವರಗಳು ಕೂಡಿ ಹಾಡಾದರೆ ಉಳಿದವರಿಗೂ ಬಲ ಬರುತ್ತದೆ. ವೈಲ್ಡ್ಸ್‌ನಲ್ಲಿ ಸೇಕ್ರೆಟ್ ಎಂಬ ಸವಾರಿ ಪ್ರಾಣಿಯ ಮೇಲೆ ಎರಡನೆಯ ಆಯುಧವೊಂದನ್ನು ಒಯ್ಯಬಹುದಾದ್ದರಿಂದ ನನ್ನ ವಾದ ಸಡಿಲವಾಯಿತೆಂದು ಬೆಳಿಗ್ಗೆ ಒಬ್ಬರು ಕೆಣಕಿದರು. ನಾನು ಅದರಲ್ಲಿ ಎರಡನೆಯದಾಗಿ ಏನು ಇಟ್ಟುಕೊಂಡಿದ್ದೇನೆಂದು ಅವರು ಕೇಳಲಿಲ್ಲ: ಇನ್ನೊಂದು ಲ್ಯಾನ್ಸ್.

ಎರಡನೆಯ ಚೀಟಿಯೂ ಬಂತು. ಚಾರ್ಜ್ ಬ್ಲೇಡ್ ಕುರಿತು ಆರು ಪುಟ ಬರೆದು ತಂದಿದ್ದೆ, ಅವು ಚೀಲದಲ್ಲೇ ಉಳಿದವು. ಬೇಕಾದವರು ಸಭೆ ಮುಗಿದ ಮೇಲೆ ಬಾಗಿಲ ಬಳಿ ಸಿಗಿ, ನಾನು ಅಲ್ಲೇ ಕಾಯುತ್ತಿರುತ್ತೇನೆ.