ಸೋರುವ ಸಿಂಕ್, ಬಾರದ ಪ್ಲಂಬರ್: 'ದಿ ಗ್ರೇಟ್ ಇಂಡಿಯನ್ ಕಿಚನ್' ನೋಡುವುದು ಹೇಗೆ?

[ಪರದೆ ಕಪ್ಪು. ಬಕೆಟ್‌ಗೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ.]

ನಮಸ್ಕಾರ. ಈ ಸದ್ದು ಕೇಳಿಸ್ತಿದೆಯಾ? ಅಡುಗೆಮನೆಯ ಸಿಂಕ್ ಸೋರುತ್ತಿದೆ. ಕೆಳಗೆ ಬಕೆಟ್ ಇಟ್ಟಿದ್ದಾರೆ, ಅದಕ್ಕೆ ಮುಸುರೆ ನೀರು ಬೀಳುತ್ತಿದೆ. ಪ್ಲಂಬರ್‌ಗೆ ಹೇಳಿ ಅಂತ ಹೆಂಡತಿ ಹೇಳುತ್ತಾಳೆ. ಗಂಡ ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ. ಮತ್ತೆ ಮರೆಯುತ್ತಾನೆ.

ಜಿಯೋ ಬೇಬಿ ನಿರ್ದೇಶಿಸಿದ ಮಲಯಾಳಂ ಸಿನಿಮಾ 'ದಿ ಗ್ರೇಟ್ ಇಂಡಿಯನ್ ಕಿಚನ್' ಬಗ್ಗೆ ಚುಟುಕಾಗಿ ಹೇಳಿ ಅಂದ್ರೆ ನಾನು ಹೇಳುವುದು ಇಷ್ಟೇ. 2021ರ ಜನವರಿ 15ಕ್ಕೆ ನೀಸ್ಟ್ರೀಮ್ ಅನ್ನುವ ಚಿಕ್ಕ ಓಟಿಟಿಯಲ್ಲಿ ಬಂತು. ಬಾಯಿಂದ ಬಾಯಿಗೆ ಹರಡಿತು. ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರವಾಯಿತು. ಆಮೇಲೆ ತಮಿಳು, ಹಿಂದಿಯಲ್ಲೂ ರೀಮೇಕ್ ಆಯಿತು. ಇನ್ನೂ ನೋಡಿಲ್ಲ ಅಂದ್ರೆ ವಿಡಿಯೋ ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ನಾನು ಕೊನೆಯವರೆಗೂ ಹೇಳುತ್ತೇನೆ.

[ದೃಶ್ಯ: ತರಕಾರಿ ಹೆಚ್ಚುವ ಕೈಗಳು.]

ಹೊಸದಾಗಿ ಮದುವೆಯಾದ ಹುಡುಗಿ ಗಂಡನ ಮನೆಗೆ ಬರುತ್ತಾಳೆ. ನಿಮಿಷಾ ಸಜಯನ್ ಈ ಪಾತ್ರ ಮಾಡಿದ್ದಾರೆ, ಗಂಡನಾಗಿ ಸುರಾಜ್ ವೆಂಜಾರಮೂಡು. ಇವರಿಬ್ಬರಿಗೂ ಸಿನಿಮಾದಲ್ಲಿ ಹೆಸರೇ ಇಲ್ಲ. ಇಲ್ಲಿ ದಿನಾ ಹೊಡೆಯುವ ಗಂಡ ಇಲ್ಲ, ಕಾಟ ಕೊಡುವ ಅತ್ತೆ ಇಲ್ಲ. ಅತ್ತೆ ಒಳ್ಳೆಯವರು. ಮಾವ ಮೆಲ್ಲಗೆ, ನಗುತ್ತಲೇ ಮಾತಾಡುತ್ತಾರೆ. ಅನ್ನ ಕುಕ್ಕರ್‌ನಲ್ಲಿ ಬೇಡ, ಒಲೆ ಮೇಲೆ ಮಾಡಮ್ಮ. ಚಟ್ನಿ ಮಿಕ್ಸಿಯದು ಬೇಡ, ಕಲ್ಲಲ್ಲಿ ಅರಿ. ನನ್ನ ಬಟ್ಟೆ ಮಷಿನ್‌ಗೆ ಹಾಕಬೇಡ, ಕೈಯಲ್ಲೇ ಒಗಿ. ಒಂದೊಂದನ್ನೇ ನೋಡಿದರೆ ಸಣ್ಣ ಆಸೆ, ಅಲ್ವಾ? ಎಲ್ಲಾ ಕೂಡಿಸಿದರೆ ಅವಳ ಇಡೀ ದಿನ ಅಲ್ಲಿಗೆ ಮುಗಿಯಿತು.

ಈ ಸಿನಿಮಾನ ನಾನು ಅಮ್ಮನ ಜೊತೆ ಕೂತು ನೋಡಿದೆ. ಕುಕ್ಕರ್ ಮಾತು ಬಂದಾಗ ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, "ನಿಮ್ಮ ಅಪ್ಪನಿಗೂ ಬಸಿದ ಅನ್ನವೇ ಆಗ್ಬೇಕಿತ್ತು" ಅಂದರು. ಆ ಬಸಿದ ಅನ್ನವನ್ನು ಇಪ್ಪತ್ತು ವರ್ಷ ಉಂಡವನು ನಾನು. ಅದರ ಹಿಂದೆ ಎಷ್ಟು ಹೊತ್ತಿನ ಕೆಲಸ ಇತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಈಗ ಊಟದ ಟೇಬಲ್ ದೃಶ್ಯಕ್ಕೆ ಬರೋಣ. ಇಡೀ ಸಿನಿಮಾದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಗಂಡಸರು ಮೊದಲು ಉಣ್ಣುತ್ತಾರೆ. ಅಗಿದ ನುಗ್ಗೆಕಾಯಿ ಸಿಪ್ಪೆಯನ್ನು ತಟ್ಟೆಯ ಪಕ್ಕ, ಟೇಬಲ್ ಮೇಲೇ ಹಾಕಿ ಎದ್ದು ಹೋಗುತ್ತಾರೆ. ಹೆಂಗಸರು ಉಣ್ಣಲು ಕೂರುವುದು ಆ ಎಂಜಲಿನ ಮುಂದೆ. ಅತ್ತೆ ಸುಮ್ನೆ ಕೂತು ಉಣ್ಣುತ್ತಾರೆ, ಅವರಿಗೆ ಅದು ಕಾಣುವುದೇ ಇಲ್ಲ. ಸೊಸೆಗೆ ತುತ್ತು ಇಳಿಯುವುದಿಲ್ಲ. ಮುಂದೆ ಒಂದು ದಿನ ಹೋಟೆಲ್‌ನಲ್ಲಿ ಅದೇ ಗಂಡ ಸಿಪ್ಪೆಯನ್ನು ಬೇರೆ ತಟ್ಟೆಗೆ ಹಾಕುತ್ತಾನೆ. 'ಓ, ಹೊರಗೆ ಬಂದ್ರೆ ಇದೆಲ್ಲ ಗೊತ್ತಾಗುತ್ತೆ' ಅನ್ನುವ ಅರ್ಥದಲ್ಲಿ ಅವಳು ಹೇಳುತ್ತಾಳೆ. ಅವನ ಮುಖ ಗಂಟಾಗುತ್ತದೆ. ಕೊನೆಗೆ ಕ್ಷಮೆ ಕೇಳಬೇಕಾದವಳು ಅವಳೇ!

ಹಿನ್ನೆಲೆ ಸಂಗೀತದ ಆಸರೆ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚುವುದು, ಒಗ್ಗರಣೆ, ತೊಳೆಯುವುದು, ಗುಡಿಸುವುದು, ಒರೆಸುವುದು, ಮತ್ತೆ ಹೆಚ್ಚುವುದು. 'ಎಷ್ಟು ಸಲ ತೋರಿಸ್ತಾರೆ, ಬೋರ್' ಅಂತ ಹಲವರು ಹೇಳಿದ್ದನ್ನು ಕೇಳಿದ್ದೇನೆ. ನೋಡುವುದಕ್ಕೇ ಬೋರ್ ಆದರೆ, ಮಾಡುವವರಿಗೆ? ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರು ಮಾತ್ರ. ಅಂಥವರು ನೂರಕ್ಕೆ 26 ಜನ ಇದ್ದರು ಅಷ್ಟೇ.

[ದೃಶ್ಯ: ಮುಚ್ಚಿದ ಕೋಣೆಯ ಬಾಗಿಲು.]

ಅವಳು ಮುಟ್ಟಾದಾಗ ಅವಳನ್ನು ಬೇರೆ ಕೋಣೆಗೆ ಕಳಿಸುತ್ತಾರೆ. ನಮ್ಮ ಕಡೆ ಇದಕ್ಕೆ 'ಹೊರಗಾಗಿದ್ದಾಳೆ' ಅನ್ನುವ ಮಾತೇ ಇದೆ. ಒಳಗೆ ಇಡೀ ಮನೆಯ ಹೊಟ್ಟೆ ತುಂಬಿಸುವವಳು ಆ ದಿನಗಳಲ್ಲಿ ಹೊರಗಿನವಳು. ಕಥೆ ನಡೆಯುವ ಕಾಲವೂ ಮುಖ್ಯ. 2018ರ ಸೆಪ್ಟೆಂಬರ್ 28ರಂದು ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಕೇರಳ ಹೊತ್ತಿ ಉರಿಯಿತು. ಸಿನಿಮಾದಲ್ಲಿ ಗಂಡ, ಮಾವ ಇಬ್ಬರೂ ಮಾಲೆ ಹಾಕಿದ್ದಾರೆ. ಸ್ಕೂಟರ್‌ನಿಂದ ಬಿದ್ದ ಗಂಡನನ್ನು ಎತ್ತಲು ಅವಳು ಓಡಿ ಬಂದರೆ, ಬಿದ್ದ ನೋವಿಗಿಂತ ಅವಳು ಮುಟ್ಟಿದ್ದೇ ಅವನಿಗೆ ದೊಡ್ಡದಾಗುತ್ತದೆ. ನೆನಪಿರಲಿ, ಅವನು ಮೇಷ್ಟ್ರು. ಕ್ಲಾಸಿನಲ್ಲಿ ಹೆಣ್ಣುಮಕ್ಕಳಿಗೆ 'ಕುಟುಂಬ' ಅನ್ನುವ ಪಾಠ ಮಾಡುತ್ತಾನೆ.

ಕೊನೆಗೆ ಆ ಬಕೆಟ್ ನೀರೇ ಕೆಲಸಕ್ಕೆ ಬರುತ್ತದೆ. ವ್ರತದಲ್ಲಿರುವ ಇಬ್ಬರು ಗಂಡಸರಿಗೆ ಚಹಾದ ಬದಲು ಅವಳು ಆ ಮುಸುರೆ ನೀರು ಕೊಡುತ್ತಾಳೆ. ಅವರು ಸಿಟ್ಟಾಗಿ ಅಡುಗೆಮನೆಗೆ ನುಗ್ಗಿದಾಗ ಮುಖಕ್ಕೇ ಎರಚಿ, ಮನೆ ಬಿಟ್ಟು ನಡೆಯುತ್ತಾಳೆ. ಪ್ಲಂಬರ್ ಬಂದಿದ್ದರೆ ಆ ಬಕೆಟ್ ಅಲ್ಲಿ ಇರುತ್ತಲೇ ಇರಲಿಲ್ಲ.

ಆದರೆ ನಾನು ಮತ್ತೆ ಮತ್ತೆ ನೋಡುವುದು ಅದಾದ ಮೇಲಿನ ಚಿಕ್ಕ ದೃಶ್ಯವನ್ನು. ಅವಳು ತವರಿಗೆ ಬಂದಿದ್ದಾಳೆ. ಅಮ್ಮ 'ಹೊಂದಿಕೊಂಡು ಹೋಗಬೇಕಿತ್ತು' ಅಂತ ಬುದ್ಧಿ ಹೇಳುತ್ತಿದ್ದಾರೆ. ಅಷ್ಟರಲ್ಲಿ ತಮ್ಮ ಹೊರಗಿನಿಂದ ಬಂದು ಕುಡಿಯಲು ನೀರು ಕೇಳುತ್ತಾನೆ. ತಂಗಿ ಎದ್ದು ಹೊರಡುತ್ತಾಳೆ. ಅಕ್ಕ ಗದರುತ್ತಾಳೆ: ನೀನು ಕೂತ್ಕೋ. ಅವನೇ ತಗೊಂಡು ಕುಡೀಲಿ.