ಕೆಎಫ್‌ಡಿ ಅಂತ ಹುಡುಕಿದರೆ ಎರಡು ಕಾಯಿಲೆ ಸಿಗುತ್ತೆ! ಮೆಡಿಕಲ್ ವಿದ್ಯಾರ್ಥಿಗಳಿಗೆ ಲೈಬ್ರರಿ ಗೈಡ್ ಯಾಕೆ ಬೇಕು?

[ಸ್ಕ್ರೀನ್: ಪಬ್‌ಮೆಡ್ ಮುಖಪುಟ. ಸರ್ಚ್ ಬಾಕ್ಸ್‌ನಲ್ಲಿ ಇಂಗ್ಲಿಷಿನ ಮೂರು ಅಕ್ಷರ, ಕೆಎಫ್‌ಡಿ]

ನಮಸ್ಕಾರ. ಎಂಬಿಬಿಎಸ್ ಓದ್ತಿರೋರು, ಪಿಜಿ ಥೀಸಿಸ್ ಬರೀತಿರೋರು ಈ ವಿಡಿಯೋ ನೋಡಲೇಬೇಕು.

ಮಂಗನ ಕಾಯಿಲೆ ಬಗ್ಗೆ ಪ್ರಾಜೆಕ್ಟ್ ಮಾಡ್ತೀರಿ ಅಂತಿಟ್ಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಬರುವ ವೈರಲ್ ಜ್ವರ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಮೆಡಿಕಲ್ ಪೇಪರ್‌ಗಳನ್ನು ಹುಡುಕೋ ತಾಣ ಪಬ್‌ಮೆಡ್‌ನಲ್ಲಿ ಆ ಮೂರು ಅಕ್ಷರ ಹಾಕಿದ್ದೀನಿ, ಈಗ ರಿಸಲ್ಟ್ ನೋಡಿ. ಒಂದು ಪೇಪರ್ ಶಿವಮೊಗ್ಗದ ಬಗ್ಗೆ ಇದೆ. ಅದರ ಜೊತೆಗೇ ಕುತ್ತಿಗೆಯಲ್ಲಿ ಗಂಟು ಬಂದ ರೋಗಿಗಳ ಕೇಸ್ ರಿಪೋರ್ಟ್‌ಗಳೂ ಇವೆ. ಅದು ಕಿಕುಚಿ-ಫುಜಿಮೋಟೊ ಡಿಸೀಸ್. 1972ರಲ್ಲಿ ಜಪಾನಿನಲ್ಲಿ ಗುರುತಿಸಿದ್ದು. ಅದನ್ನೂ ಕೆಎಫ್‌ಡಿ ಅಂತಲೇ ಬರೀತಾರೆ. ಉಣುಗಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಲೈಬ್ರರಿ ಗೈಡ್ ಬೇಕಾಗೋದು ಇಲ್ಲೇ. ದೊಡ್ಡ ಮೆಡಿಕಲ್ ಲೈಬ್ರರಿಗಳ ವೆಬ್‌ಸೈಟ್‌ಗಳಲ್ಲಿ ರಿಸರ್ಚ್ ಗೈಡ್ ಅಂತ ಒಂದು ಪುಟ ಇರುತ್ತೆ. ಯಾವ ಪ್ರಶ್ನೆಗೆ ಯಾವ ಡೇಟಾಬೇಸ್, ಹೇಗೆ ಹುಡುಕಬೇಕು, ರೆಫರೆನ್ಸ್ ಹೇಗೆ ಕೊಡಬೇಕು, ಎಲ್ಲವನ್ನೂ ಲೈಬ್ರೇರಿಯನ್‌ಗಳೇ ಕೂತು ಬರೆದಿರ್ತಾರೆ. ನನ್ನ ಪ್ರಕಾರ ಯಾವ ಪ್ರಾಜೆಕ್ಟ್ ಆದ್ರೂ ಆ ಪುಟದಿಂದಲೇ ಶುರುವಾಗಬೇಕು. ಅದರಲ್ಲಿ ಹೇಳಿಕೊಡೋದ್ರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೆಶ್.

[ಸ್ಕ್ರೀನ್: ಮೆಶ್ ಡೇಟಾಬೇಸ್]

ಪಬ್‌ಮೆಡ್ ನಡೆಸೋದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್. ಅವರು 1960ರಿಂದ ಒಂದು ಪದಪಟ್ಟಿ ಇಟ್ಕೊಂಡಿದ್ದಾರೆ, ಅದೇ ಮೆಶ್, ಅಂದ್ರೆ ಮೆಡಿಕಲ್ ಸಬ್ಜೆಕ್ಟ್ ಹೆಡಿಂಗ್ಸ್. ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳಿವೆ. ಲೇಖಕರು 'ಹಾರ್ಟ್ ಅಟ್ಯಾಕ್' ಅಂತಲಾದ್ರೂ ಬರೀಲಿ, 'ಎಂಐ' ಅಂತಲಾದ್ರೂ ಬರೀಲಿ, ಪೇಪರಿಗೆ ಬೀಳೋ ಮೆಶ್ ಹಣೆಪಟ್ಟಿ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಒಂದೇ. ಕ್ಯಾಸನೂರ್ ಫಾರೆಸ್ಟ್ ಡಿಸೀಸ್‌ಗೂ ಅದರದೇ ಮೆಶ್ ಪದ ಇದೆ. ಅದನ್ನು ಹಾಕಿ ಹುಡುಕಿ, ಜಪಾನಿನ ಗಂಟುಗಳು ಜಾಗ ಖಾಲಿ ಮಾಡ್ತವೆ.

ಆದರೆ ಮೆಶ್ ಒಂದನ್ನೇ ನಂಬಬೇಡಿ. ಮೆಶ್ ಹಣೆಪಟ್ಟಿ ಹಚ್ಚೋದು ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ನ ಪೇಪರ್‌ಗಳಿಗೆ. ಪಬ್‌ಮೆಡ್‌ನಲ್ಲಿ ಮೆಡ್‌ಲೈನ್‌ಗೆ ಸೇರದ ಪೇಪರ್‌ಗಳೂ ಇವೆ, ಅವುಗಳಿಗೆ ಈ ಹಣೆಪಟ್ಟಿ ಇರಲ್ಲ. ಹಾಗಾಗಿ ಮೆಶ್ ಪದ, ಆಮೇಲೆ ಕ್ಯಾಪಿಟಲ್ ಅಕ್ಷರಗಳಲ್ಲಿ OR, ಆಮೇಲೆ ರೋಗದ ಪೂರ್ತಿ ಹೆಸರನ್ನು ಟೈಟಲ್ ಮತ್ತು ಅಬ್‌ಸ್ಟ್ರಾಕ್ಟ್‌ನಲ್ಲಿ, ಅಂದ್ರೆ ಪೇಪರಿನ ಸಾರಾಂಶದಲ್ಲಿ, ಹುಡುಕೋ ಹಾಗೆ ಸೇರಿಸಿ. ಲಸಿಕೆ ಬಗ್ಗೆ ಮಾತ್ರ ಬೇಕಾ? ಇದೆಲ್ಲವನ್ನೂ ಬ್ರ್ಯಾಕೆಟ್ಟಿನೊಳಗೆ ಹಾಕಿ, AND ಕೊಟ್ಟು ವ್ಯಾಕ್ಸೀನ್ ಅನ್ನಿ. ನೀವು ಟೈಪ್ ಮಾಡಿದ್ದನ್ನು ಪಬ್‌ಮೆಡ್ ಹೇಗೆ ಅರ್ಥ ಮಾಡ್ಕೊಂಡಿತು ಅಂತ ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ಒತ್ತಿ ನೋಡಿ. ಸರ್ಚ್ ದಾರಿ ತಪ್ಪಿದ್ರೆ ಅಲ್ಲೇ ಕಾಣುತ್ತೆ.

[ಸ್ಕ್ರೀನ್: ಒಂದು ಅಬ್‌ಸ್ಟ್ರಾಕ್ಟ್ ಪುಟ]

ಪೇಪರ್ ಸಿಕ್ತು, ಓದೋಕೆ ಹೋದ್ರೆ ದುಡ್ಡು ಕೇಳ್ತಿದೆ. ಕಾರ್ಡ್ ತೆಗೀಬೇಡಿ! ಪಬ್‌ಮೆಡ್‌ನಲ್ಲಿರೋದು ಅಬ್‌ಸ್ಟ್ರಾಕ್ಟ್ ಮತ್ತು ಲಿಂಕ್. ಉಚಿತವಾಗಿ ಸಿಗುವ ಎಷ್ಟೋ ಪೂರ್ತಿ ಪೇಪರ್‌ಗಳು ಪಿಎಂಸಿ, ಅಂದ್ರೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿವೆ, ಎಡಗಡೆ ಫ್ರೀ ಫುಲ್ ಟೆಕ್ಸ್ಟ್ ಫಿಲ್ಟರ್ ಹಾಕಿ. ಅಲ್ಲೂ ಇಲ್ಲ ಅಂದ್ರೆ ಕಾಲೇಜ್ ಲೈಬ್ರರಿಯ ಲಾಗಿನ್ ನೋಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದ್ರೆ ಹೆಲಿನೆಟ್ ಬಗ್ಗೆ ಲೈಬ್ರರಿಯಲ್ಲಿ ಕೇಳಿ. ಇ-ಜರ್ನಲ್‌ಗಳನ್ನು ಕಾಲೇಜುಗಳು ಒಟ್ಟಾಗಿ ತರಿಸಿಕೊಳ್ಳೋಕೆ ಅಂತಲೇ ಇರುವ ವ್ಯವಸ್ಥೆ ಅದು. ನಿಮಗಾಗಿ ಆಗಲೇ ಕಟ್ಟಿರೋ ದುಡ್ಡು ಅದು, ಬಿಡಬೇಡಿ.

ಯಾವ ಚಿಕಿತ್ಸೆ ಕೆಲಸ ಮಾಡುತ್ತೆ ಅನ್ನೋ ಪ್ರಶ್ನೆಗೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ರಿವ್ಯೂಗಳಿರೋ ಕಾಕ್ರೇನ್ ಲೈಬ್ರರಿ ಮೊದಲು ನೋಡಿ. ರೆಫರೆನ್ಸ್ ಜೋಡಿಸೋಕೆ ಝೊಟೆರೊ ಅನ್ನೋ ಸಾಫ್ಟ್‌ವೇರ್ ಉಚಿತ, ಮೆಡಿಕಲ್ ಪೇಪರ್‌ಗಳಲ್ಲಿ ರೆಫರೆನ್ಸ್‌ಗೆ ನಂಬರ್ ಕೊಡೋ ವ್ಯಾಂಕೂವರ್ ಸ್ಟೈಲ್ ಅದರಲ್ಲೇ ಸಿಗುತ್ತೆ.

ಹುಡುಕಿದ ಸಾಲನ್ನು, ದಿನಾಂಕದ ಜೊತೆ, ಒಂದು ಫೈಲ್‌ನಲ್ಲಿ ಇಟ್ಕೊಳ್ಳಿ. ಆಮೇಲೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದ್ರೆ ಒಂದು ಪ್ರಶ್ನೆ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಮಾಡೋ ವಿಮರ್ಶೆ, ಬರೆಯೋದಾದ್ರೆ ಆ ಸಾಲನ್ನು ಹಾಗೇ ಕೊಡಬೇಕಾಗುತ್ತೆ. ಪಬ್‌ಮೆಡ್ ಸರ್ಚ್ ಬಾಕ್ಸ್ ಕೆಳಗೆ ಕ್ರಿಯೇಟ್ ಅಲರ್ಟ್ ಅಂತ ಇದೆ. ಅದನ್ನೂ ಒತ್ತಿಬಿಡಿ, ಮಂಗನ ಕಾಯಿಲೆ ಮೇಲೆ ಹೊಸ ಪೇಪರ್ ಬಂದಾಗ ಮೇಲ್ ಬರುತ್ತೆ.